ಖಾಲಿ ಕೂತ ಹಂಚು

ನೆಲೋಗಿ, ಜೇವರ್ಗಿ ತಾಲೂಕು
24 ಆಗಸ್ಟ್ 2025

ಹಫೀಜ,

ಹಾಗಾಗಿ ನನ್ನ ಪ್ರಶ್ನೆ ಇಷ್ಟೇ: ಪ್ರೊಸೆಸರ್ ಒಂದೇ ಸಾಕೋ, ಅದರ ಜೋಡಿಗೆ ಗ್ರಾಫಿಕ್ಸ್ ಕಾರ್ಡೂ ಬೇಕೋ? ನಿನ್ನೆಯ ಕಾಗದದಲ್ಲಿ ಇದನ್ನೇ ಬರೆಯಲು ಹೊರಟು, ಮೊದಲು ಮಳೆ, ಆಮೇಲೆ ತೊಗರಿ, ಆಮೇಲೆ ಸುಭದ್ರಾಳ ತಮ್ಮನ ಮಂಡಿನೋವು ಎಂದು ಹಾಳೆಯೇ ಮುಗಿದುಹೋಯಿತು. ಅಂಚೆಯವನು ಬಾಗಿಲಲ್ಲಿ ನಿಂತಿದ್ದ, ಹಾಗೇ ಮಡಿಚಿ ಕೊಟ್ಟೆ. ಇದನ್ನು ಅದರ ಬಾಲ ಎಂದು ತಿಳಿ.

ಶಮ್ಸುನ್ನಿಸಾ ಜೋಡಿಸಿ ಕಳಿಸಿದ ಕಂಪ್ಯೂಟರ್ ಬಂದು ತಿಂಗಳಾಯಿತು. ನಿನ್ನ ಫೋಟೊ ಸ್ಟುಡಿಯೊವನ್ನು ಮಗಳು ಕಂಪ್ಯೂಟರ್ ಅಂಗಡಿ ಮಾಡಿದಾಗ ನೀನು ಎಷ್ಟು ಗೊಣಗಿದ್ದೆ! ಈಗ ನೋಡು, ಆಳಂದದಲ್ಲಿ ಕೂತು ನೆಲೋಗಿಯವರೆಗೆ ವ್ಯಾಪಾರ ಮಾಡುತ್ತಾಳೆ. ಐ ಬೆಗ್ ಟು ಸ್ಟೇಟ್, ಯಂತ್ರ ಚೆನ್ನಾಗಿದೆ. ಮೊಮ್ಮಗ ಸಂಜುಕುಮಾರನಿಗಂತೂ ಹಿಡಿಸಲಾರದಷ್ಟು ಖುಷಿ. ಯಡ್ರಾಮಿಯಲ್ಲಿ ಅವನ ತಾಯಿ, ಅಂದರೆ ನಮ್ಮ ಭಾಗ್ಯಜ್ಯೋತಿ, ಆಟ ಆಡಲು ಬಿಡುವುದಿಲ್ಲ. ಶಾಲೆಯ ಟೀಚರಲ್ಲವೇ, ಮನೆಯಲ್ಲೂ ಬೆತ್ತ ಕೆಳಗಿಡುವುದಿಲ್ಲ. ದೇರ್‌ಫೋರ್, ಹುಡುಗ ಮುತ್ಯಾನ ಮನೆಗೆ ಬಂದು ಆಡಿ ಹೋಗುತ್ತಾನೆ.

ತೊಂದರೆ ಒಂದೇ. ಅವನದು ಲಾರಿ ಓಡಿಸುವ ಆಟ; ಘಾಟಿನ ತಿರುವಿನಲ್ಲಿ ಲಾರಿ ಹೊರಳಿಸುವಾಗ ಚಿತ್ರ ಗಕ್ಕನೆ ನಿಂತು ನಿಂತು ಮುಂದೆ ಸಾಗುತ್ತದೆ. ಆಗಲೇ ಎದುರಿಗೊಂದು ಬಸ್ಸು ಬಂದರೆ ಅಂಗೈ ಬೆವರುತ್ತದೆ. ಸಂಜುವಿನ ಅಂಗೈ. ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ ಅಷ್ಟೆ.

ಫೋನು ಮಾಡಿ ಕೇಳಬಾರದೇ ಎಂದು ಭಾಭಿ ಅನ್ನಬಹುದು. ನನ್ನ ಕಿವಿಯ ಯಂತ್ರ ಫೋನು ಹತ್ತಿರ ತಂದರೆ ಕುಕ್ಕರಿನಂತೆ ಸೀಟಿ ಹೊಡೆಯುತ್ತದೆ. ನಿನಗೆ ಮೊಬೈಲಿನ ಅಕ್ಷರ ಕಾಣುವುದಿಲ್ಲ. ಹಾಗಾಗಿ ನಮ್ಮಿಬ್ಬರ ಮಾತು ಅಂಚೆಯ ಪಾಲು. ಈ ಕಿವಿಯ ಯಂತ್ರದ ಉಪಕಾರವೊಂದಿದೆ, ಬೇಡವಾದಾಗ ತೆಗೆದಿಟ್ಟುಬಿಡಬಹುದು. ನನಗೆ ರೊಟ್ಟಿ ಮಾಡಿಕೊಡುವ ಪಕ್ಕದ ಮನೆಯ ಮಾಳಮ್ಮ ಮೊನ್ನೆ, "ಕಂಟ್ರೋಲರ್ ಸಾಹೇಬ್ರ, ಬಾಗ್ಲಾ ಹಾಕ್ಕೊಂಡು ಒಳಗ ಏನ್ ಮಾಡ್ತೀರಿ? ಲಾರಿ ಸಪ್ಪಳ ಬರ್ತದಲ್ಲ!" ಎಂದಳು. ನಾನು ಮೆಲ್ಲಗೆ ಯಂತ್ರ ತೆಗೆದು ಜೇಬಿಗೆ ಹಾಕಿಕೊಂಡು, "ಏನಂದಿ?" ಎಂದೆ. ಅವಳು ಕೈ ಬೀಸಿ ಹೋದಳು.

ಉತ್ತರ ಬರೆ.

ನಿನ್ನ,
ದೌಲತರಾಯ

&nbsp;

ಆಳಂದ
2 ಸೆಪ್ಟೆಂಬರ್ 2025

ದೌಲತ, ಸಲಾಂ.

ನಿನ್ನ ತಲೆ, ಬಾಲ ಎರಡೂ ಒಂದೇ ದಿನ ಬಂದವು. ಬಾಲವನ್ನು ಮೊದಲು ಒಡೆದೆ. 'ಐ ಬೆಗ್ ಟು ಸ್ಟೇಟ್' ಎಂಬುದನ್ನು ಕಂಡು ಕಲಬುರಗಿಯ ಹಾಸ್ಟೆಲ್ಲು ನೆನಪಾಯಿತು. ರಜೆ ಅರ್ಜಿಯ ಆ ಒಂದು ಸಾಲಿನ ಮೇಲೇ ನೀನು ಬಿ.ಎ.ವರೆಗೆ ನಡೆದುಬಂದವನು.

ನಿನ್ನ ಪ್ರಶ್ನೆಯನ್ನು ಶಮ್ಸುವಿನ ಮುಂದಿಟ್ಟೆ. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಅಬ್ಬಾ, ಪ್ರೊಸೆಸರ್ ಲೆಕ್ಕಾ ಹಾಕ್ತದ, ಕಾರ್ಡ್ ಚಿತ್ರಾ ತಗೀತದ. ಎರಡರದೂ ಜೋಡಿ ಕೂಡಬೇಕು. ಒಂದು ಜೋರಿದ್ದು ಇನ್ನೊಂದು ಮೆತ್ತಗಿದ್ರ ಜೋರಿದ್ದದ್ದು ಸುಮ್ಮ ಕೂಡ್ತದ." ನನಗೆ ತಿಳಿಯಲಿಲ್ಲ. ನಿನ್ನ ಭಾಭಿ ಒಳಗಿಂದಲೇ ಕೂಗಿದಳು: "ಅದರಾಗೇನದ ತಿಳಿಲಾರ್ದು? ರೊಟ್ಟಿ ಬಡಿಯಾಕಿ ಒಬ್ಬಾಕಿ, ಬೇಸಾಕಿ ಒಬ್ಬಾಕಿ. ಬಡಿಯಾಕಿ ಸಾವಕಾಶಾದ್ರ ಹಂಚು ಖಾಲಿ ಕೂಡ್ತದ. ಬೇಸಾಕಿ ಸಾವಕಾಶಾದ್ರ ಬಡದ ರೊಟ್ಟಿ ಒಣಗಿ ಸೀಳ್ತಾವ." ಶಮ್ಸು ನಕ್ಕು, "ಅಮ್ಮೀಗ ಅಂಗಡ್ಯಾಗ ಕುಂದ್ರಸ್ರಿ, ನಾ ರೊಟ್ಟಿ ಮಾಡ್ತೇನಿ" ಎಂದಳು.

ಈಗ ನಿನ್ನ ಯಂತ್ರದ ಮಾತು. ಅದರಲ್ಲಿರುವ ಪ್ರೊಸೆಸರ್ ತಾನೇ ಬಡಿದು ತಾನೇ ಬೇಯಿಸುವ ಜಾತಿಯದು. ಚಿತ್ರ ತೆಗೆಯುವ ಶಕ್ತಿ ಅದರ ಒಳಗೇ ಇದೆ. ಲಾರಿ ಓಡಿಸುವ ಆಟಕ್ಕೆ ಧಾರಾಳ ಸಾಕು, ಚಿತ್ರದ ನಯ ಸ್ವಲ್ಪ ಇಳಿಸಬೇಕಷ್ಟೆ. ಹೇಗೆ ಇಳಿಸುವುದೆಂದು ಬೇರೆ ಚೀಟಿಯಲ್ಲಿ ಬರೆದಿದ್ದಾಳೆ. ಗುಂಡು ಹಾರಿಸುವ ದೊಡ್ಡ ಆಟಗಳಾದರೆ ಮಾತು ಬೇರೆ, ಅದಕ್ಕೆ ಎರಡನೆಯವಳು ಬೇಕು, ಕಾರ್ಡು ಬೇಕು. "ಕಾಕಾ ಸುಮ್ಮನ ಕಾರ್ಡಿಗಿ ರೊಕ್ಕಾ ಹಾಕೋದು ಬ್ಯಾಡ. ಸಂಜೂಗ ಕಂಪ್ಯೂಟರಿನ ಡಬ್ಬಿ ತಗೊಂಡು ಒಂದು ಐತವಾರ ಇಲ್ಲಿಗಿ ಬರಾಕ ಹೇಳ್ರಿ. ಅವನ ಕೈಲೇ ಆಡಿಸಿ ನೋಡಿ ಹೇಳ್ತೇನಿ" ಎಂದಿದ್ದಾಳೆ.

ಹುಡುಗನನ್ನು ಕಳಿಸು. ಅವನನ್ನು ನೋಡಿ ಎಷ್ಟೋ ವರ್ಷವಾಯಿತು. ನಿನ್ನ ಭಾಭಿ ಈಗಲೇ ಶೀರ್ ಖುರ್ಮಾ ಅನ್ನುತ್ತಿದ್ದಾಳೆ, ಹಬ್ಬವಿಲ್ಲದೆ.

ಹಫೀಜ

&nbsp;

ನೆಲೋಗಿ
9 ಸೆಪ್ಟೆಂಬರ್ 2025

ಹಫೀಜ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ರೊಟ್ಟಿಯ ಉದಾಹರಣೆ ಸುಭದ್ರಾ ಇದ್ದಿದ್ದರೆ ಮೆಚ್ಚುತ್ತಿದ್ದಳು. ಅವಳು ಒಬ್ಬಳೇ ಬಡಿದು ಒಬ್ಬಳೇ ಬೇಯಿಸುತ್ತಿದ್ದಳು. ನಾನು ಡ್ಯೂಟಿ ಮುಗಿಸಿ ಬಂದು ಪಡಸಾಲೆಯಲ್ಲಿ ಕೂತು, ಬಿಸಿಯದು ತಾ, ಇದು ಆರಿದೆ ಎನ್ನುತ್ತಿದ್ದೆ. ಅದೆಲ್ಲ ಈಗ್ಯಾಕೆ.

ಶಮ್ಸು ಹೇಳಿದ ಹಾಗೆ ಚಿತ್ರದ ನಯ ಇಳಿಸಿದೆವು. ಪರವಾಗಿಲ್ಲ. ಆದರೆ ಲಾರಿ ಆಟ ಬರೀ ಕೈ ಪಳಗಿಸಲಿಕ್ಕೆ. ಸಂಜುವಿನ ನಿಜವಾದ ಆಟ ಗುಂಡು ಹಾರಿಸುವುದೇ. ಹದಿನಾರರ ಹುಡುಗ ಲಾರಿ ಆಡುತ್ತಾ ಕೂಡುತ್ತಾನೆಯೇ, ನೀನೇ ಹೇಳು. ಗೆಳೆಯರು ನಗುವುದಿಲ್ಲವೇ?

ಅವನನ್ನು ಆಳಂದಕ್ಕೆ ಕಳಿಸುವ ಬಗ್ಗೆ. ಅದು ಸದ್ಯಕ್ಕೆ ಆಗುವುದಿಲ್ಲ. ಸಂಜುವಿನ ಬಲಗಾಲು ಮುರಿಯಲ್ಪಟ್ಟಿದೆ. ಮೋಟರ್‌ಸೈಕಲ್ಲಿನಿಂದ ಬಿದ್ದ. ಪ್ಲಾಸ್ಟರ್ ಹಾಕಿದ್ದಾರೆ. ನನ್ನ ಮನೆಯಲ್ಲೇ ಮಂಚದ ಮೇಲಿದ್ದಾನೆ. ಗಾಬರಿಯಾಗುವಂಥದ್ದೇನಿಲ್ಲ, ಆದರೆ ಬಸ್ಸು ಹತ್ತುವ ಹಾಗಿಲ್ಲ, ಡಬ್ಬಿ ಹೊರುವ ಹಾಗಂತೂ ಇಲ್ಲವೇ ಇಲ್ಲ. ಭಾಭಿಗೆ ಶೀರ್ ಖುರ್ಮಾ ಮುಂದಕ್ಕೆ ಹಾಕಲು ಹೇಳು.

ಈ ವಿಷಯ ಭಾಗ್ಯಜ್ಯೋತಿಗೆ ಫೋನು ಮಾಡಿ ಕೇಳಬೇಡ. ಆಕೆ ಮೊದಲೇ ನೊಂದಿದ್ದಾಳೆ.

ಯುವರ್ಸ್ ಒಬಿಡಿಯಂಟ್ಲಿ,
ದೌಲತರಾಯ

&nbsp;

ಆಳಂದ
19 ಸೆಪ್ಟೆಂಬರ್ 2025

ದೌಲತ,

ನಿನ್ನ ಕಾಗದ ಓದಿ ಹೇಳಿದಾಗ ನಿನ್ನ ಭಾಭಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಯಾ ಅಲ್ಲಾ, ತಾಯಿಯಂಥ ಅಜ್ಜಿ ಹೋಗಿ ಎರಡು ವರ್ಷಾಗಿಲ್ಲ, ಈಗ ಇದು" ಎಂದವಳು ದುಪಟ್ಟಾ ಹೊದ್ದುಕೊಂಡು ನೇರ ದರ್ಗಾಕ್ಕೆ ಹೋದಳು. ಮನ್ನತ್ ಮಾಡಿ ಬಂದಿದ್ದಾಳೆ. ಹುಡುಗ ತನ್ನ ಕಾಲ ಮೇಲೆ ಓಡಾಡಿದ ದಿನ ಓಣಿಗೆಲ್ಲ ಸಕ್ಕರೆ ಹಂಚುವುದು, ಆಮೇಲೆ ಅವನೇ ನಡೆದು ಬಂದು ದರ್ಗಾದಲ್ಲಿ ಹೂವಿನ ಚಾದರ ಹಾಕುವುದು. ನಮ್ಮಲ್ಲಿ ಯಾರಿಗಾಗಿ ಬೇಡಿಕೊಂಡೆವೋ ಅವರೇ ಬರಬೇಕು, ಅದು ನಿನಗೂ ಗೊತ್ತು. ಗಾಣಗಾಪುರಕ್ಕೆ ಹರಕೆ ಹೊತ್ತವರೂ ಹಾಗೇ ತಾನೇ ಮಾಡುವುದು.

ಇನ್ನೊಂದು ಮಾತು. ಕಾರ್ಡು ಕಳಿಸಿದ್ದೇನೆ. ಟವೆಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ, ಕಲಬುರಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟಿದ್ದೇನೆ. ನಿನ್ನ ಹೆಸರು ಹೇಳಿದ ಕೂಡಲೇ, "ಜೇವರ್ಗಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಸಾಹೇಬ್ರಾ? ಅವ್ರದು ಮೈಕಿನಾಗಿನ ಧ್ವನಿ ಈಗೂ ಕಿವ್ಯಾಗದ" ಎಂದು ಕೈಯಲ್ಲಿ ಎತ್ತಿಕೊಂಡ. ಅಂಗಡಿಗಳಲ್ಲಿ ಈಗ ಇಂಥ ಕಾರ್ಡು ಸಿಗುತ್ತಿಲ್ಲ, ಸಿಕ್ಕರೂ ಕೈಗೆಟಕುವ ಹಾಗಿಲ್ಲ. ಎಲ್ಲಿಂದ ತಂದಿರಿ ಎಂದು ಕೇಳಬೇಡ. ದುಡ್ಡಿನ ಮಾತಂತೂ ಎತ್ತಲೇಬೇಡ. ಶಮ್ಸು ಹೇಳಿದ್ದು ಇಷ್ಟೇ: "ಮಂಚದ ಮ್ಯಾಲಿದ್ದ ಹುಡುಗ ಅಬ್ಬಾ, ದಿನಾ ಹ್ಯಾಂಗ ಕಳೀಬೇಕು?"

ಜೋಡಿಸುವ ಕ್ರಮವನ್ನು ಅವಳೇ ಚಿತ್ರ ಬರೆದು ಹಾಳೆಯಲ್ಲಿ ಕೊಟ್ಟಿದ್ದಾಳೆ. ಪೂರ್ತಿ ಓದಿ ಕೈ ಹಾಕು.

ಹಫೀಜ

&nbsp;

ನೆಲೋಗಿ
4 ಅಕ್ಟೋಬರ್ 2025

ಹಫೀಜ,

ಕಾರ್ಡು ಮುಟ್ಟಿತು. ಇಷ್ಟು ಭಾರವಾದದ್ದೆಂದು ನಾನು ಎಣಿಸಿರಲಿಲ್ಲ, ಎರಡು ಫ್ಯಾನು ಬೇರೆ. ಭಾಭಿಗೆ ನಾನು ಏನು ಹೇಳಲಿ. ಅಷ್ಟೆಲ್ಲ ಬೇಕಿರಲಿಲ್ಲ. ನಿಜವಾಗಿಯೂ ಬೇಕಿರಲಿಲ್ಲ.

ನಾನೇ ಜೋಡಿಸಿದೆ! ಶಮ್ಸು ಬರೆದಂತೆ ವಾಯರ್ ಕಿತ್ತು, ಪಕ್ಕದ ಮುಚ್ಚಳ ತೆಗೆದು, ಉದ್ದನೆಯ ಸೀಳಿನಲ್ಲಿ ಕಾರ್ಡು ಒತ್ತಿದೆ. ಟಕ್ ಎಂದಿತು. ಸ್ಕ್ರೂ ಹಾಕಿದೆ. ಕರೆಂಟಿನ ವಾಯರ್ ಸಿಕ್ಕಿಸಿದೆ. ಸ್ವಿಚ್ ಒತ್ತಿದರೆ ಪರದೆ ಬೆಳಗಿತು. ಅರವತ್ತೊಂಬತ್ತರ ವಯಸ್ಸಿನಲ್ಲಿ ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡೆ. ಈಗ ಆಟ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಗುತ್ತದೆ. ಘಾಟು ಹತ್ತಿ ಇಳಿದರೆ ಸಮುದ್ರ ಕಾಣುತ್ತದೆ, ಹಫೀಜ. ದಂಡೆಯ ಉದ್ದಕ್ಕೂ ರಸ್ತೆ. ಸಂಜೆಯ ಬಿಸಿಲು ಗಾಜಿನ ಮೇಲೆ ಬೀಳುತ್ತದೆ. ಸಂಜು ಹಾಗೆ ಹೇಳಿದ.

ಮಹಾನವಮಿಯ ಖಂಡೆ ಪೂಜೆಗೆ ಪ್ರತಿ ವರ್ಷ ಸುಭದ್ರಾ ತನ್ನ ಈಳಿಗೆ, ನನ್ನ ಡ್ಯೂಟಿಯ ಪೆನ್ನು, ಕುಡಗೋಲು ಎಲ್ಲ ಸಾಲಾಗಿ ಇಡುತ್ತಿದ್ದಳು. ಈ ಸಲ ನಾನೇ ಇಟ್ಟೆ. ಕಂಪ್ಯೂಟರಿನ ಮುಚ್ಚಳ ತೆಗೆದು ನಿನ್ನ ಕಾರ್ಡಿನ ಮೇಲೂ ಮೂರು ಬೆರಳು ವಿಭೂತಿ ಎಳೆದೆ. ಒಣ ವಿಭೂತಿ, ಹೆದರಬೇಡ. ಕಣ್ಣಿಗೆ ಸಣ್ಣ ಶರಣನ ಹಾಗೆ ಕಂಡಿತು.

ಹುಡುಗನ ಕಾಲು ಹಾಗೇ ಇದೆ. ಅಂದರೆ, ಗುಣವಾಗುತ್ತಿದೆ.

ದೌಲತರಾಯ

&nbsp;

ಆಳಂದ
16 ನವೆಂಬರ್ 2025

ದೌಲತ,

ನಡುವೆ ಒಂದು ಅಂಚೆ ಕಾರ್ಡು ಬರೆದಿದ್ದೆ, ಉತ್ತರ ಬರಲಿಲ್ಲ. ಅಂಚೆಯಲ್ಲಿ ತಪ್ಪಿತೆಂದು ತಿಳಿಯುತ್ತೇನೆ.

ಇಲ್ಲಿ ಮದುವೆಯ ಹಂಗಾಮು. ಶಮ್ಸುಗೆ ಈ ವರ್ಷ ಶಾದಿಮಹಲಿನವರು ಎಲ್ಲ ಮದುವೆಯ ವಿಡಿಯೊ ಕೆಲಸ ಒಪ್ಪಿಸಿದ್ದಾರೆ. ಒಳ್ಳೆಯ ಸಂಗತಿಯೇ, ಆದರೆ ಅವಳ ಯಂತ್ರ ಈಚೆಗೆ ಎಳೆಯುತ್ತಿಲ್ಲ. ಒಂದು ನಿಖಾದ ವಿಡಿಯೊ ತಯಾರಾಗಲು ಮೊದಲು ಚಹಾ ಕುಡಿದು ಬರುವಷ್ಟು ಹೊತ್ತು ಸಾಕಿತ್ತು, ಈಗ ಮುಂಜಾನೆ ಹಚ್ಚಿದರೆ ಸಂಜೆಯ ಮಗ್ರಿಬ್ ನಮಾಜಿನವರೆಗೂ ಗುರುಗುಡುತ್ತದೆ. ಅಫಜಲಪುರದ ಒಂದು ಬೀಗರ ಮನೆಯವರು ಬಂದು, "ಏನ್ ಬೇಟಿ, ಮದುಮಗಳು ಬಸುರಾದ್ಲು, ವಿಡಿಯೊ ಇನ್ನಾ ಬರಲಿಲ್ಲ" ಎಂದು ನಗಾಡಿ ಹೋದರು. ಅವಳೂ ನಕ್ಕಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅದಿರಲಿ. ಶಮ್ಸು ಒಂದು ಪ್ರಶ್ನೆ ಕೇಳಿದ್ದಾಳೆ. ಆಟ ನಡೆದಾಗ ಡಬ್ಬಿಯ ಹಿಂದೆ ಕೈ ಹಿಡಿದರೆ ಕಾರ್ಡಿನ ಕಡೆಯಿಂದ ಬಿಸಿ ಗಾಳಿ ಬರುತ್ತದೆಯೇ? ಬರಬೇಕು. ನೋಡಿ ಬರೆ.

ಪ್ಲಾಸ್ಟರ್ ಯಾವಾಗ ತೆಗೆಯುತ್ತಾರೆ? ನಿನ್ನ ಭಾಭಿ ಪ್ರತಿ ಜುಮ್ಮಾ ಕೇಳುತ್ತಾಳೆ.

ಹಫೀಜ

&nbsp;

ನೆಲೋಗಿ
30 ನವೆಂಬರ್ 2025

ಹಫೀಜ,

ತೊಗರಿಯ ಗಡಿಬಿಡಿ, ಅದಕ್ಕೇ ತಡ. ಬಿಸಿ ಗಾಳಿ ಚೆನ್ನಾಗಿ ಬರುತ್ತದೆ. ಪ್ಲಾಸ್ಟರ್ ತೆಗೆದಿದ್ದಾರೆ. ಆದರೆ ಪರೀಕ್ಷೆ ಬಂತು, ಹುಡುಗ ಯಡ್ರಾಮಿಗೆ ಹೋದ. ದರ್ಗಾದ್ದು ಬೇಸಿಗೆಯಲ್ಲಿ ನೋಡೋಣ.

ಶಮ್ಸುಗೆ ಹೊಸ ಯಂತ್ರ ಕೊಡಿಸಬಾರದೇ? ಅಂಗಡಿಯವಳ ಯಂತ್ರವೇ ಹೀಗಾದರೆ ಹೇಗೆ.

ದೌಲತರಾಯ

&nbsp;

ಆಳಂದ
4 ಜನವರಿ 2026

ದೌಲತ,

ಮುಬಾರಕ್. ನಿನ್ನ ಭಾಭಿಯ ಮನ್ನತ್ ಕಬೂಲಾಯಿತು.

ಗುರುವಾರದ ಪೇಪರಿನಲ್ಲಿ ಜಿಲ್ಲಾ ಮಟ್ಟದ ಕಬಡ್ಡಿಯ ಫೋಟೊ ಬಂದಿದೆ. ಶಮ್ಸು ತಂದು ನನ್ನ ಭೂತಗನ್ನಡಿಯ ಕೆಳಗೆ ಹಿಡಿದಳು. ಯಡ್ರಾಮಿ ತಂಡದ ಸಂಜುಕುಮಾರ, ಮೂರು ಜನ ಹಿಡಿದವರನ್ನು ಎಳೆದುಕೊಂಡು ಗೆರೆ ಮುಟ್ಟುತ್ತಿದ್ದಾನೆ. ಭಾರವೆಲ್ಲ ಬಲಗಾಲಿನ ಮೇಲೆ. ನಿನ್ನ ಭಾಭಿ ಪೇಪರನ್ನು ಕಣ್ಣಿಗೊತ್ತಿಕೊಂಡಳು. "ನೋಡ್ರಿ, ಮುರದ ಕಾಲು! ಮೂರು ಮಂದೀಗ ಎಳಕೊಂಡು ಹೊಂಟದ!" ಎಂದು ಅಂದೇ ಓಣಿಗೆಲ್ಲ ಸಕ್ಕರೆ ಹಂಚಿದಳು. ಎದುರು ಮನೆಯ ಪ್ಯಾರಿಬಿಗೆ ಮಂಡಿನೋವು, ಆಕೆಯೂ ಈಗ ಅದೇ ಮನ್ನತ್ ಮಾಡಿಕೊಂಡಿದ್ದಾಳೆ.

ನಾನು ನಲವತ್ತು ವರ್ಷ ಜನರನ್ನು ನಿಲ್ಲಿಸಿ ಫೋಟೊ ತೆಗೆದವನು, ದೌಲತ. ಮುರಿದು ಕೂಡಿದ ಕಾಲಿನವನು ಹೇಗೆ ನಿಲ್ಲುತ್ತಾನೆ, ಮುರಿಯದವನು ಹೇಗೆ ನಿಲ್ಲುತ್ತಾನೆ ಎಂಬುದು ನನ್ನ ಕಣ್ಣಿಗೆ ಗೊತ್ತು. ಆದರೆ ನಾನೇನೂ ಕೇಳುವುದಿಲ್ಲ. ನಿನ್ನ ಭಾಭಿಗೂ ಏನೂ ಹೇಳಿಲ್ಲ.

ಯಾಕೆಂದರೆ ನಾನೂ ಒಂದು ಮಾತು ಮುಚ್ಚಿಟ್ಟಿದ್ದೆ. ನೀನು 'ಹೊಸ ಯಂತ್ರ ಕೊಡಿಸಬಾರದೇ' ಎಂದು ಬರೆದ ಸಾಲನ್ನು ನಾನು ಶಮ್ಸುಗೆ ಓದಿ ಹೇಳಲಿಲ್ಲ. ನಿನಗೆ ಕಳಿಸಿದ ಕಾರ್ಡು ಅವಳ ಯಂತ್ರದ್ದು. ಅಂಗಡಿಗಳಲ್ಲಿ ಸಿಗದೆ ಹೋದಾಗ ಅವಳೇ ಬಿಚ್ಚಿದಳು. "ನಾಕು ತಿಂಗಳು ನಡೀತದ ಅಬ್ಬಾ" ಎಂದಳು. ನಡೆಯಲಿಲ್ಲ. ಮೂರು ಮದುವೆಯ ಕೆಲಸ ಬೇರೆಯವರಿಗೆ ಹೋಯಿತು. ಶಾದಿಮಹಲಿನವರು ಕೊನೆಯದಾಗಿ ಒಂದು ಕೊಟ್ಟಿದ್ದಾರೆ, ಇದೇ ಜನವರಿ ಇಪ್ಪತ್ತೆರಡರ ಮದುವೆ. ಅದೂ ತಡವಾದರೆ ಅವಳನ್ನು ಮತ್ತೆ ಕರೆಯುವುದಿಲ್ಲ ಎಂದು ಮುಖಕ್ಕೇ ಹೇಳಿ ಹೋಗಿದ್ದಾರೆ.

ಕಾರ್ಡು ವಾಪಸ್ ಕಳಿಸು ಎಂದು ನಾನು ಬರೆಯುತ್ತಿಲ್ಲ. ಕೊಟ್ಟದ್ದನ್ನು ಕೇಳುವ ಮನೆ ನಮ್ಮದಲ್ಲ. ನಿನಗೆ ತಿಳಿದಿರಲಿ ಎಂದಷ್ಟೆ.

ಹಫೀಜ

&nbsp;

ನೆಲೋಗಿ
10 ಜನವರಿ 2026

ಹಫೀಜ,

ಮೊದಲು ಕೆಲಸದ ಮಾತು. ಕಾರ್ಡು ಬಿಚ್ಚಿದ್ದೇನೆ. ನಿನ್ನ ಅದೇ ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದ್ದೇನೆ. ನಾಳೆ ಮೊದಲ ಬಸ್ಸಿಗೆ ನಾನೇ ಹೊರಡುತ್ತೇನೆ. ಇದನ್ನು ಯಾವ ಕಂಡಕ್ಟರನ ಕೈಯಲ್ಲೂ ಕೊಡುವುದಿಲ್ಲ.

ಈಗ ಎರಡನೆಯದು. ನೀನು ಕೇಳಲಿಲ್ಲ. ಕೇಳಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಸಂಜುವಿನ ಕಾಲು ಮುರಿದಿರಲಿಲ್ಲ. ಅವನು ಮೋಟರ್‌ಸೈಕಲ್ಲಿನಿಂದ ಬೀಳಲಿಲ್ಲ, ನನ್ನ ಮಂಚದ ಮೇಲೆ ಮಲಗಲಿಲ್ಲ. ನನ್ನ ಮನೆಯಲ್ಲಿ ಕಂಪ್ಯೂಟರ್ ಇದೆ ಎಂಬುದೇ ಅವನಿಗೆ ಗೊತ್ತಿಲ್ಲ. ಎಳ್ಳ ಅಮಾವಾಸ್ಯೆಗೆ ಬಂದಿದ್ದ. ಅವನು ಬರುವ ಸದ್ದಾದ ಕೂಡಲೇ ನಾನು ಅದರ ಮೇಲೆ ಸುಭದ್ರಾ ಹೊಲಿದ ಕೌದಿ ಎಳೆದೆ. "ಮುತ್ಯಾ, ಅದೇನದ ಅಲ್ಲಿ?" ಎಂದ. "ಜ್ವಾಳದ ಡಬ್ಬಿ" ಎಂದೆ. ಹೊಲದಲ್ಲಿ ಭೂತಾಯಿಗೆ ಚರಗ ಚೆಲ್ಲುವಾಗ ಅವನು ಬದುವಿನಿಂದ ಬದುವಿಗೆ ಹಾರುತ್ತಿದ್ದ. ಎಲ್ಲರೂ ಭಜ್ಜಿ ರೊಟ್ಟಿ ಉಣ್ಣುತ್ತಿದ್ದರು. ನಾನು ಆ ಕಾಲನ್ನೇ ನೋಡುತ್ತಿದ್ದೆ. ಹುಡುಗನ ಒಳ್ಳೆಯ ಕಾಲು ನೋಡಿ ಮುತ್ಯಾ ನಾಚಿಕೊಳ್ಳುವುದು ಎಂದರೇನು, ಹಫೀಜ!

ಆಟ ಆಡಿದವನು ನಾನು. ಲಾರಿ ಓಡಿಸಿದವನು ನಾನು.

ಜೇವರ್ಗಿಯ ಬಸ್‌ಸ್ಟ್ಯಾಂಡಿನ ಆ ಸಣ್ಣ ಕೋಣೆಯಲ್ಲಿ ಮೂವತ್ತು ವರ್ಷ ಕೂತೆ. ಶಹಾಪುರ, ವಿಜಯಪುರ, ಪಣಜಿ ಎಂದು ಮೈಕಿನಲ್ಲಿ ಕೂಗಿದೆ. ಬಸ್ಸುಗಳೆಲ್ಲ ಹೋದವು. ನಾನು ಒಂದನ್ನೂ ಓಡಿಸಲಿಲ್ಲ, ಸಮುದ್ರವನ್ನು ಒಂದು ಸಲವೂ ನೋಡಲಿಲ್ಲ. ಸುಭದ್ರಾ ಹೋದ ಮೇಲೆ ಮನೆಯಲ್ಲಿ ಕೂಗುವ ಧ್ವನಿಯೇ ಇಲ್ಲವಾಯಿತು. ಕಲಬುರಗಿಯಲ್ಲಿ ಕಿವಿ ತೋರಿಸಲು ಹೋದಾಗ ಒಂದು ಅಂಗಡಿಯಲ್ಲಿ ಈ ಆಟ ಕಂಡೆ. ಸ್ಟೇರಿಂಗ್, ಗೇರು, ಎದುರಿಗೆ ರಸ್ತೆ. ಮನೆಗೆ ಬಂದರೂ ಕಣ್ಣಿಂದ ಹೋಗಲಿಲ್ಲ.

ಆದರೆ ನನಗೆ ಬೇಕು ಎಂದು ಹೇಗೆ ಹೇಳಲಿ? ಕಟ್ಟೆಯ ಮೇಲೆ ಕೂತವರು ಏನಂದಾರು ಎಂಬುದು ಒಂದು. ಅದಕ್ಕಿಂತ ದೊಡ್ಡದು ಇನ್ನೊಂದು ಇದೆ, ಅದನ್ನು ಬರೆಯಲು ಹೋದರೆ ಪೆನ್ನು ನಿಲ್ಲುತ್ತದೆ. ಆಟ ಆಡುವಾಗ ನನಗೆ ಖುಷಿಯಾಗುತ್ತಿತ್ತು. ಯಂತ್ರ ಬಂದ ಹೊಸದರಲ್ಲೇ ಒಂದು ದಿನ ಘಾಟು ಇಳಿದು ಸಮುದ್ರ ಕಂಡಾಗ ಒಬ್ಬನೇ ಗಟ್ಟಿಯಾಗಿ ನಕ್ಕುಬಿಟ್ಟೆ. ಹೊರಗೆ ಮಾಳಮ್ಮ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಬಾಗಿಲು ತೆರೆದರೆ ಆಕೆಯ ಮುಖ! "ಯಾರ್ ಬಂದಾರ್ರಿ ಒಳಗ?" ಎಂದಳು. ಯಾರೂ ಇಲ್ಲವೆಂದೆ. "ಮತ್ತ ಯಾರ ಜೋಡಿ ನಕ್ರಿ?" ಹೆಂಡತಿ ಸತ್ತು ಎರಡು ವರ್ಷ ತುಂಬದವನು ಬಾಗಿಲು ಹಾಕಿಕೊಂಡು ನಗುತ್ತಾನೆ. ಅಂದಿನಿಂದ ಸಂಜುವಿನ ಹೆಸರು ನನ್ನ ಬಾಗಿಲಿಗೆ ಚಿಲಕವಾಯಿತು. ನಿನ್ನ ಮುಂದೆಯೂ ಅದನ್ನೇ ಹಾಕಿದೆ. ನೀನು ಹುಡುಗನನ್ನೇ ಕಳಿಸು ಎಂದಾಗ, ಕಾಲು ಮುರಿದೆ.

ಮೂರನೆಯದು ಶಮ್ಸುಗೆ ಹೇಳಬೇಕಾದದ್ದು. ಇದನ್ನು ಓದಿ ನೀನು ನನ್ನ ಮುಖ ನೋಡಬೇಡ.

ನಿನ್ನೆ ಕಾರ್ಡು ಬಿಚ್ಚಲು ಡಬ್ಬಿಯನ್ನು ತಿರುಗಿಸಿದೆ. ಅವಳ ಹಾಳೆಯನ್ನು ಎದುರಿಗಿಟ್ಟುಕೊಂಡಿದ್ದೆ, ಹಾಕಿದ ಕ್ರಮವನ್ನು ಹಿಂದುಮುಂದು ಮಾಡಿದರೆ ಬಿಚ್ಚುವ ಕ್ರಮವಾಗುತ್ತದೆಂದು. ಗಾಳಿಗೆ ಹಾಳೆ ಮಗುಚಿ ಬಿತ್ತು. ಹಿಂಬದಿಯಲ್ಲೂ ಬರೆದಿದ್ದಳು. ಚಿತ್ರವನ್ನೂ ಬಿಡಿಸಿದ್ದಳು. 'ಕಾಕಾ, ಮರೆಯಬೇಡಿ. ಪರದೆಯ ಕೇಬಲ್ಲನ್ನು ಮೇಲಿನ ಕಿಂಡಿಯಿಂದ ಕಿತ್ತು ಕೆಳಗೆ ಕಾರ್ಡಿನ ಕಿಂಡಿಗೆ ಹಾಕಬೇಕು. ಮೇಲೆಯೇ ಬಿಟ್ಟರೂ ಪರದೆ ಬೆಳಗುತ್ತದೆ, ಆ ಸೆಟ್ಟಿಂಗ್ ನಾನೇ ಇಟ್ಟಿದ್ದೇನೆ, ಕಾರ್ಡು ಕೈಕೊಟ್ಟರೆ ನಿಮಗೆ ಕತ್ತಲಾಗಬಾರದೆಂದು. ಆದರೆ ಮೇಲಿದ್ದರೆ ಕಾರ್ಡು ಕೆಲಸ ಮಾಡುವುದಿಲ್ಲ.'

ಹಿಂದೆ ಬಗ್ಗಿ ನೋಡಿದೆ. ಕೇಬಲ್ ಮೇಲಿನ ಕಿಂಡಿಯಲ್ಲಿತ್ತು.

ಪರದೆ ಬೆಳಗಿತಲ್ಲ, ಇನ್ನೇನು ಓದುವುದು ಎಂದು ನಾನು ಹಾಳೆ ಮಡಿಚಿಟ್ಟಿದ್ದೆ. ಇಷ್ಟು ದಿನ ಅವಳ ಕಾರ್ಡು ನನ್ನ ಡಬ್ಬಿಯಲ್ಲಿ ವಿಭೂತಿ ಹಚ್ಚಿಕೊಂಡು ಸುಮ್ಮನೆ ಕೂತಿತ್ತು. ಬೆಣ್ಣೆಯಂತೆ ಓಡಿದ್ದು ಅವಳು ಮೊದಲ ಚೀಟಿಯಲ್ಲಿ ಬರೆದ ಹಾಗೆ ನಯ ಇಳಿಸಿದ್ದರಿಂದ. ಕಾರ್ಡು ಬಂತು ಎಂಬ ಹಮ್ಮಿನಲ್ಲಿ ನನಗೆ ಸಮುದ್ರ ಇನ್ನೂ ನೀಲಿಯಾಗಿ ಕಂಡಿತೋ ಏನೋ. ಬಿಸಿ ಗಾಳಿ ಬರುತ್ತದೆಯೇ ಎಂದು ಅವಳು ಕೇಳಿದಾಗ ಎದ್ದು ಹೋಗಿ ಕೈ ಹಿಡಿದಿದ್ದರೆ ನವೆಂಬರಿನಲ್ಲೇ ತಿಳಿಯುತ್ತಿತ್ತು. ಹಿಡಿಯದೆಯೇ ಬರುತ್ತದೆಂದು ಬರೆದೆ. ಅಲ್ಲಿ ಅವಳು ಹಂಚಿಲ್ಲದೆ ರೊಟ್ಟಿ ಬಡಿಯುತ್ತಾ ಕೂತಿದ್ದಳು. ಇಲ್ಲಿ ಅವಳ ಹಂಚು ನನ್ನ ಮನೆಯಲ್ಲಿ ಖಾಲಿ ಕೂತಿತ್ತು. ಲಾರಿ ನನ್ನದೇ ಎಂದು ಆಗಸ್ಟಿನಲ್ಲಿ ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ಲಾರಿಗೆ ಕಾರ್ಡು ಬೇಡ ಎಂದು ಅವಳು ಮೊದಲ ದಿನವೇ ಹೇಳಿದ್ದಳು.

ಕಾರ್ಡು ತೆಗೆದ ಮೇಲೆ ನಿನ್ನೆಯೇ ಸ್ವಿಚ್ ಒತ್ತಿ ನೋಡಿದೆ. ಎಲ್ಲ ಮೊದಲಿನ ಹಾಗೇ ಇದೆ. ಲಾರಿ ಅಲ್ಲೇ ದಂಡೆಯ ಮೇಲೆ ನಿಂತಿದೆ. ನಾನು ಹತ್ತಲಿಲ್ಲ.

ಭಾಭಿಯ ವಿಷಯವೇ ನನಗೆ ತಿಳಿಯದಾಗಿದೆ. ಹಂಚಿದ ಸಕ್ಕರೆಯನ್ನು ಓಣಿಯ ಬಾಯಿಂದ ವಾಪಸ್ ತೆಗೆಯಲಾಗುವುದಿಲ್ಲ. ಪ್ಯಾರಿಬಿಯ ಮಂಡಿಗೆ ನಾನು ಏನು ಹೇಳಲಿ? ಒಂದು ಸಲ ಅನ್ನಿಸಿತು, ಸಂಜುವನ್ನು ಕರೆದುಕೊಂಡು ಬಂದು ಸುಮ್ಮನೆ ಚಾದರ ಹಾಕಿಸಿಬಿಡೋಣ, ಭಾಭಿಯ ಸಂತೋಷ ಉಳಿಯುತ್ತದೆ ಎಂದು. ಬೆಳಗಿನ ತನಕ ಅದನ್ನೇ ಎಣಿಸಿದೆ. ಹುಡುಗನ ಕೈಯಿಂದ ಆ ಗದ್ದುಗೆಯ ಮುಂದೆ ಸುಳ್ಳಾಡಿಸುವುದಕ್ಕಿಂತ ನನ್ನ ಕಾಲೇ ಮುರಿಯಲಿ. ಇದನ್ನು ನಾನಿಲ್ಲದಾಗ ನೀನು ಹೇಳುವಂತಾಗಬಾರದು. ನಾನು ಬರುವ ತನಕ ಅವರಿಗೆ ಗೊತ್ತಾಗುವುದೂ ಬೇಡ. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಕೈಯಲ್ಲೇ ತರುತ್ತೇನೆ. ಬಾಯಿಂದ ಹೇಳಲು ಹೋದರೆ ಮಳೆ, ತೊಗರಿ ಎಂದು ಎಲ್ಲೋ ಹೋಗಿಬಿಡುತ್ತೇನೆ, ನಿನಗೆ ಗೊತ್ತಲ್ಲ. ಭಾಭಿಗೆ ಕನ್ನಡ ಓದಲು ಬರುವುದಿಲ್ಲ. ನೀನು ಜೋರಾಗಿ ಓದಿ ಹೇಳು. ಶಮ್ಸೂ ಇರಲಿ. ಒಂದು ಸಾಲನ್ನೂ ಬಿಡಬೇಡ. ನಾನು ಎದುರಿಗೇ ಕೂತಿರುತ್ತೇನೆ. ಕಿವಿಯ ಯಂತ್ರ ಹಾಕಿಕೊಂಡೇ ಕೂತಿರುತ್ತೇನೆ.

ಕಾರ್ಡಿನ ಮೇಲಿನ ವಿಭೂತಿ ಪೂರ್ತಿ ಹೋಗಿಲ್ಲ. ಒದ್ದೆ ಬಟ್ಟೆ ಮುಟ್ಟಿಸಬೇಡಿ ಎಂದು ಹಾಳೆಯ ಹಿಂಬದಿಯಲ್ಲಿ ಬರೆದಿದ್ದಾಳೆ, ಅದಕ್ಕೇ ಹಾಗೇ ಬಿಟ್ಟೆ. ಒಣ ಕುಂಚದಲ್ಲಿ ಅವಳೇ ಒರೆಸಿಕೊಳ್ಳಲಿ.

ಕರೆಂಟು ಬೆಳಗಿನಿಂದ ಇಲ್ಲ. ಕಿಟಕಿಯ ಹತ್ತಿರ ಕೂತು ಬರೆಯುತ್ತಿದ್ದೆ, ಗೆರೆ ತಪ್ಪಿ ಬರೆಯುತ್ತಿದ್ದೇನೆಂದು ಈಗ ತಿಳಿಯಿತು. ಬೆಳಕು ಹೋಗುತ್ತಿದೆ, ಹಫೀಜ.